ಸಂಪಾದಕರ ಉತ್ತರ: ಆಟದ ಜಾಗಕ್ಕೆ ಮಕ್ಕಳನ್ನು ಏನಂತ ಕೇಳುವುದು?

ಕಾಟನ್‌ಪೇಟೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ‘ಆಟದ ಜಾಗ ಮಾಡುವ ಮುನ್ನ ಮಕ್ಕಳನ್ನು ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ನಮ್ಮ ಬೀದಿಯ ಹಿಂದೆ ಒಂದು ಮೂಲೆ ಜಾಗ ಖಾಲಿ ಬಿದ್ದಿದೆ. ಮಕ್ಕಳನ್ನು ಕೂರಿಸಿಕೊಂಡು ಕೇಳಿದೆವು. ಒಬ್ಬ ಈಜುಕೊಳ ಅಂದ, ಇನ್ನೊಬ್ಬಳು ರೋಲರ್ ಕೋಸ್ಟರ್ ಅಂದಳು. ಅದೂ 30 ಅಡಿ ಜಾಗದಲ್ಲಿ! ಇದನ್ನೆಲ್ಲ ಎಂಜಿನಿಯರಿಗೆ ಬಿಡುವುದೇ ವಾಸಿಯಲ್ಲವೇ?’

ಈಜುಕೊಳ ಕೇಳಿದ ಹುಡುಗನದು ತಪ್ಪೇನಿಲ್ಲ, ಸ್ವಾಮಿ. ‘ನಿನಗೇನು ಬೇಕು’ ಎಂದು ಯಾರಾದರೂ ಕೇಳಿದರೆ ನಾನೂ ದೊಡ್ಡದನ್ನೇ ಕೇಳುತ್ತೇನೆ. ದುಡ್ಡು ಯಾರದೋ, ನನಗೇನು? ಪ್ರಶ್ನೆ ಬದಲಿಸಿ ನೋಡಿ. ಈಗ ಎಲ್ಲಿ ಆಡುತ್ತೀರಿ, ಯಾವ ಹೊತ್ತಲ್ಲಿ ಆಡುತ್ತೀರಿ, ನಿಮ್ಮನ್ನು ಅಲ್ಲಿಂದ ಓಡಿಸುವವರು ಯಾರು? ಇದಕ್ಕೆ ಅವರು ಕೊಡುವ ಉತ್ತರ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

ಭಾನುವಾರ ನಿಮ್ಮ ಪೇಟೆಯ ಸಗಟು ಅಂಗಡಿಗಳ ಶಟರ್ ಇಳಿದ ಮೇಲೆ ಒಮ್ಮೆ ಗಲ್ಲಿಯಲ್ಲಿ ನಿಂತು ನೋಡಿ. ಶಟರೇ ವಿಕೆಟ್ಟು. ಚೆಂಡು ಮೋರಿಗೆ ಬಿದ್ದರೆ ಔಟ್, ತೊಳೆದು ತರುವ ಕೆಲಸವೂ ಹೊಡೆದವನದೇ. ಮಹಡಿ ಕಿಟಕಿಗೆ ತಾಗಿದರೂ ಔಟ್. ಒಂದು ಪಿಚ್ ಬಿದ್ದ ಮೇಲೆ ಹಿಡಿದ ಕ್ಯಾಚೂ ಔಟ್, ಏಕೆಂದರೆ ಅಲ್ಲಿ ಬೀಸಿ ಹೊಡೆಯುವಷ್ಟು ಜಾಗವಿಲ್ಲ. ಟೆಂಪೋ ಬಂದರೆ ಎಲ್ಲರೂ ಗೋಡೆಗೆ ಒತ್ತಿ ನಿಲ್ಲುತ್ತಾರೆ, ರನ್ ಜಗಳ ಮಾತ್ರ ನಿಲ್ಲುವುದಿಲ್ಲ. ಅದೇ ಗಲ್ಲಿಯ ಅಂಚಿನಲ್ಲಿ, ಅಮ್ಮನ ಕಣ್ಣಳತೆಯಲ್ಲೇ, ಹುಡುಗಿಯರ ಕುಂಟೆಬಿಲ್ಲೆ. 10 ಅಡಿ ಗಲ್ಲಿಯನ್ನು ಹೀಗೆ ಹಂಚಿಕೊಂಡವರಿಗೆ ಜಾಗದ ಅಳತೆ ಗೊತ್ತಿಲ್ಲ ಎಂದರೆ ಹೇಗೆ?

ಮಕ್ಕಳನ್ನು ಹೀಗೆ ಕೇಳುವುದು ಬೆಂಗಳೂರಿಗೆ ಹೊಸದೂ ಅಲ್ಲ. ನಗರಯೋಜಕ ಕೆವಿನ್ ಲಿಂಚ್ 1970ರ ದಶಕದಲ್ಲಿ ಯುನೆಸ್ಕೋ ಜೊತೆ ನಡೆಸಿದ ‘ಗ್ರೋಯಿಂಗ್ ಅಪ್ ಇನ್ ಸಿಟೀಸ್’ ಅಧ್ಯಯನಕ್ಕೆ 1990ರ ದಶಕದಲ್ಲಿ ಮತ್ತೆ ಜೀವ ಬಂತು. ಆಗ ಮೆಲ್ಬರ್ನ್, ವಾರ್ಸಾ, ಜೋಹಾನ್ಸ್‌ಬರ್ಗ್‌ಗಳ ಜೊತೆ ನಮ್ಮೂರಿನ ಸತ್ಯನಗರ ಬಡಾವಣೆಯೂ ಸೇರಿತ್ತು. ಮಕ್ಕಳು ತಮ್ಮ ಬಡಾವಣೆಯ ಚಿತ್ರ ಬರೆದರು, ಅಧ್ಯಯನಕ್ಕೆ ಬಂದವರನ್ನು ತಮ್ಮ ಜಾಗಗಳಿಗೆ ಕರೆದೊಯ್ದು ತೋರಿಸಿದರು. ನೀರು, ಚರಂಡಿಗೆ ತತ್ವಾರವಿದ್ದ ಕಡೆಯೂ, ಮನೆಗೆಲಸದ ನಡುವೆಯೂ, ಆಟಕ್ಕೆ ಗೆಳೆಯರಿಗೆ ಬರವಿರಲಿಲ್ಲ. ದೊಡ್ಡವರು ಕೊಳೆಗೇರಿ ಎಂದು ಬರೆದುಕೊಂಡ ಜಾಗದ ಬಗ್ಗೆ ಮಕ್ಕಳಿಗೆ ಅಷ್ಟೊಂದು ಅಕ್ಕರೆ ಇದ್ದದ್ದು ಬಂದವರಿಗೇ ಅಚ್ಚರಿ ತಂದಿತ್ತು.

ಎಂಜಿನಿಯರಿಗೆ ಬಿಡಿ ಎಂದಿರಿ. ವಿಯೆನ್ನಾದವರು ಬಹಳ ವರ್ಷ ಹಾಗೆಯೇ ಬಿಟ್ಟಿದ್ದರು. 1990ರ ದಶಕದಲ್ಲಿ ಎಣಿಸಿ ನೋಡಿದರೆ, ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕುಗಳಿಂದ ಮಾಯವಾಗುತ್ತಿದ್ದರು. ಆಟದ ಸಾಮಾನಿಗೇನೂ ಕೊರತೆಯಿರಲಿಲ್ಲ. ಚೆಂಡಾಟದ ಅಂಕಣಕ್ಕೆ ಬೇಲಿ ಹಾಕಿ ಒಂದೇ ಬಾಗಿಲಿಟ್ಟಿದ್ದರು. ಆ ಬಾಗಿಲಲ್ಲಿ ದೊಡ್ಡ ಹುಡುಗರು ನಿಂತರೆ ಮುಗಿಯಿತು, ಹುಡುಗಿಯರು ಒಳಗೆ ಕಾಲಿಡುತ್ತಿರಲಿಲ್ಲ. 1999ರಲ್ಲಿ ಊರೊಳಗಿನ ಮಾರ್ಗರೆಟನ್ ಭಾಗದ ಎರಡು ಪಾರ್ಕುಗಳಲ್ಲಿ ಬಾಗಿಲು ಹೆಚ್ಚಿಸಿದರು, ಅಂಕಣ ಒಡೆದು ಭಾಗ ಮಾಡಿದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೂ ಜಾಗ ಬಿಟ್ಟರು. ಹುಡುಗಿಯರು ಮರಳಿ ಬಂದರು. ಅಂಥ ಬಾಗಿಲಿನ ಕಷ್ಟ ಹೊರಗೆ ನಿಂತವರನ್ನು ವಿಚಾರಿಸದೆ ತಿಳಿಯುವುದಲ್ಲ.

ನಮ್ಮಲ್ಲಿ ಬಾಗಿಲಿಗಿಂತ ಬೀಗದ್ದೇ ತೊಂದರೆ. ಬೆಂಗಳೂರಿನ ಪಾರ್ಕುಗಳನ್ನು ಮಟಮಟ ಮಧ್ಯಾಹ್ನ ಮುಚ್ಚುವ ಪದ್ಧತಿ ಬಹುಕಾಲ ನಡೆಯಿತು, ಬೇಸಿಗೆ ರಜೆಯಲ್ಲೂ. ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ತೀರ್ಮಾನ ಬಂದದ್ದು 2024ರಲ್ಲಿ. ಚೆಂಡಾಟ ನಿಷೇಧದ ಫಲಕಗಳು ಇನ್ನೂ ಹಾಗೆಯೇ ನಿಂತಿವೆ. ವಾಕಿಂಗ್ ಹಿರಿಯರ ಮೊಣಕಾಲಿಗೆ ಕೊಡುವ ಮರ್ಯಾದೆಯಲ್ಲಿ ಕಾಲು ಭಾಗವೂ ಮಕ್ಕಳ ಚೆಂಡಿಗೆ ಇಲ್ಲ. (ನಾನೂ ವಾಕಿಂಗ್ ಗುಂಪಿನವನೇ, ಆದರೂ ಹೇಳುತ್ತಿದ್ದೇನೆ.)

ನಿಮ್ಮ ಅನುಮಾನದಲ್ಲಿ ಹುರುಳಿಲ್ಲವೆಂದಲ್ಲ. ಮಕ್ಕಳನ್ನು ವೇದಿಕೆ ಹತ್ತಿಸಿ, ಬಲೂನು ಕೊಟ್ಟು, ಫೋಟೊ ತೆಗೆಸಿ, ಅದನ್ನೇ ಭಾಗವಹಿಸುವಿಕೆ ಎಂದು ಕರೆಯುವವರು ಧಾರಾಳವಾಗಿದ್ದಾರೆ. ಮಕ್ಕಳ ಮಾತಿಗೆ ಎಷ್ಟು ಬೆಲೆ ಸಿಗುತ್ತದೆಂದು ಅಳೆಯಲು ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಎಂಟು ಮೆಟ್ಟಿಲ ಏಣಿಯಲ್ಲಿ ಇಂಥವಕ್ಕೆ ಕೆಳಗಿನ ಮೂರು ಮೆಟ್ಟಿಲು. ಅವನ್ನು ಭಾಗವಹಿಸುವಿಕೆ ಎಂದು ಆತ ಒಪ್ಪುವುದೇ ಇಲ್ಲ. ಹಳ್ಳಿಗಳಲ್ಲಾದರೆ ಮಕ್ಕಳ ಗ್ರಾಮಸಭೆ ಎಂಬ ಒಂದು ವ್ಯವಸ್ಥೆಯಿದೆ, ಪಂಚಾಯಿತಿಯವರು ಎದುರು ಕೂತು ಉತ್ತರ ಕೊಡಬೇಕು. ಪೇಟೆಯ ಮಗು ಯಾರ ಎದುರು ಕೂರಬೇಕು? ಇನ್ನೊಂದು ತೊಡಕು ಕಾಲದ್ದು. ಹತ್ತು ವರ್ಷದವಳನ್ನು ಕೇಳಿ, ಟೆಂಡರ್ ಮುಗಿಸಿ, ಜಾಗ ತೆರೆಯುವ ಹೊತ್ತಿಗೆ ಅವಳು ಹೈಸ್ಕೂಲಿನಲ್ಲಿರುತ್ತಾಳೆ.

ಆದ್ದರಿಂದ ನಿಮ್ಮ ಮೂಲೆ ಜಾಗಕ್ಕೆ ಟೈಲ್ಸು, ಜಾರುಬಂಡೆ ಸದ್ಯಕ್ಕೆ ಬೇಡ. ಕಸ ತೆಗೆಸಿ, ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟು ಯಾವ ಆಟ ಎಲ್ಲಿ ಎಂದು ನೆಲದ ಮೇಲೇ ಗೀಚಿಸಿ. ಹುಡುಗರನ್ನೂ ಹುಡುಗಿಯರನ್ನೂ ಬೇರೆಬೇರೆ ದಿನ ಕರೆಯಿರಿ, ಇಲ್ಲದಿದ್ದರೆ ಇಡೀ ನೆಲ ಪಿಚ್ ಆಗುತ್ತದೆ. ತಿಂಗಳು ಬಿಟ್ಟು ಯಾವ ಗೆರೆ ಅಳಿಸಿದೆ, ಯಾವುದನ್ನು ಮತ್ತೆಮತ್ತೆ ತಿದ್ದಿದ್ದಾರೆ ನೋಡಿ, ಆಮೇಲೆ ಎಂಜಿನಿಯರನ್ನು ಕರೆಸಿ. ಅವರು ಬೇಲಿ ಹಾಕಿಯೇ ತೀರುತ್ತೇವೆ ಎಂದರೆ, ಕೀಲಿ ಯಾರ ಮನೆಯಲ್ಲಿರಬೇಕು ಎಂಬುದನ್ನು ಅದೇ ಮಕ್ಕಳ ಎದುರು ತೀರ್ಮಾನ ಮಾಡಿಸಿ.