ಗಳಿಗೆಯೂ ಗಡಿಗೆಯೇ

ಧಾರವಾಡದ ಓದುಗರೊಬ್ಬರ ಪತ್ರ: “ನಮ್ಮಲ್ಲಿ ತಾಸು, ಬೆಂಗಳೂರಿನಲ್ಲಿ ಗಂಟೆ. ಅಜ್ಜಿ ಮಾತ್ರ ‘ಒಂದ್ ಗಳಿಗಿ ತಡಿ’ ಅಂತಾಳೆ. ಗಳಿಗೆ ಅಂದರೆ ಗಂಟೆಯ ಹಳೆಯ ರೂಪವೇ? ಪಂಚಾಂಗದಲ್ಲಿ ‘ಘ. 32-15’ ಎಂದಿದ್ದರೆ ಗಡಿಯಾರದಲ್ಲಿ ಎಷ್ಟು ಹೊತ್ತು? ಮನೆಯ ಎರಡು ಪಂಚಾಂಗಗಳಲ್ಲಿ ಒಂದೇ ತಿಥಿಗೆ ಬೇರೆ ಬೇರೆ ಗಳಿಗೆ ಏಕೆ?”

ಸಂಪಾದಕರ ಉತ್ತರ: ಗಳಿಗೆ, ಗಂಟೆ ಎರಡೂ ‘ಗ’ದಿಂದ ಶುರುವಾಗುತ್ತವೆ, ಅಷ್ಟೇ ನಂಟು. ಗಂಟೆ ಎಂದರೆ ಬಾರಿಸುವ ಘಂಟೆ. ಗಳಿಗೆ ಬಂದದ್ದು ‘ಘಟಿಕಾ’ದಿಂದ, ಅಂದರೆ ಸಣ್ಣ ಘಟ, ಪುಟ್ಟ ಮಡಕೆ. ಸಂಸ್ಕೃತದ ‘ಟ’ ಪ್ರಾಕೃತದಲ್ಲಿ ‘ಡ’ ಆಗಿ, ಕನ್ನಡದ ಬಾಯಲ್ಲಿ ‘ಳ’ ಆಯಿತು. ದಾಡಿಮ ದಾಳಿಂಬೆಯಾದದ್ದೂ, ಸ್ಫಟಿಕ ಪಳಿಕು ಆದದ್ದೂ ಇದೇ ಜಾಡಿನಲ್ಲಿ. ‘ಡ’ಕಾರದಲ್ಲೇ ನಿಂತ ರೂಪವೂ ನಮ್ಮಲ್ಲಿ ಉಳಿದಿದೆ: ಗಡಿಗೆ. ನೀರು ತುಂಬಿದರೆ ಗಡಿಗೆ, ಹೊತ್ತು ತುಂಬಿದರೆ ಗಳಿಗೆ. ಗಡಿಯಾರದೊಳಗಿನ ‘ಗಡಿ’ಯೂ ಇದೇ, ಊರ ಗಡಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ತಾಸು ಕೂಡ ದೂರದ್ದೇನಲ್ಲ. ಪಾರಸಿಯಿಂದ ಬಂದ ಆ ಮಾತಿಗೆ ಮೂಲದಲ್ಲಿ ಲೋಹದ ಬೋಗುಣಿ, ತಟ್ಟೆ ಎಂಬ ಅರ್ಥ.

ಮಡಕೆ ಹೊತ್ತಾದದ್ದು ಗಳಿಗೆ ಬಟ್ಟಲಿನಿಂದ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಕೊಪ್ಪರಿಗೆಯಲ್ಲಿ ತೇಲಿಬಿಡುತ್ತಾರೆ. ನೀರು ಒಳಕ್ಕೇರಿ ಅದು ಮುಳುಗಿದರೆ ಒಂದು ಗಳಿಗೆ. ಎತ್ತಿ ಖಾಲಿ ಮಾಡಿ ಮತ್ತೆ ಬಿಡಬೇಕು. ಹಗಲು ರಾತ್ರಿ ಸೇರಿ 60 ಬಾರಿ ಮುಳುಗಬೇಕು ಎನ್ನುತ್ತದೆ ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತ. ಹಾಗಾಗಿ ಗಳಿಗೆ 24 ನಿಮಿಷ. ಎಂಟನೇ ಶತಮಾನದ ಜ್ಯೋತಿಷಿ ಲಲ್ಲ ಅಳತೆಯನ್ನೇ ಕೊಟ್ಟಿದ್ದಾನೆ: 10 ಪಲ (ಪಲ, ಮಾಷ ಹಳೆಯ ತೂಕಗಳು) ತೂಕದ ತಾಮ್ರ, ಬಾಯಗಲ 12 ಅಂಗುಲ, ಎತ್ತರ 6 ಅಂಗುಲ, ಅಂದರೆ ಅರ್ಧಗೋಲ. ತೂತು ಕೊರೆಯಲು ಮೂರೂ ಮೂರನೇ ಒಂದು ಮಾಷ ಚಿನ್ನವನ್ನು 4 ಅಂಗುಲ ಉದ್ದಕ್ಕೆ ಎಳೆದ ಸೂಜಿ. ಇದರ ಜಾಣತನ ನೋಡಿ: ಕೂದಲೆಳೆಯಷ್ಟು ದಪ್ಪವನ್ನು ಅಳೆಯುವ ಉಪಕರಣವಿಲ್ಲದಿದ್ದರೂ ತೂಕ, ಉದ್ದ ಗೊತ್ತಾದರೆ ದಪ್ಪ ತಾನಾಗಿ ನಿಗದಿಯಾಗುತ್ತದೆ.

ಬಟ್ಟಲು ಸರಿಯಿದೆಯೇ ಎಂದು ನೋಡಲು ಬಾಯಿಲೆಕ್ಕವಿತ್ತು. ಹತ್ತು ಗುರು ಅಕ್ಷರ ಉಚ್ಚರಿಸುವ ಹೊತ್ತು ಒಂದು ಪ್ರಾಣ, ಆರು ಪ್ರಾಣ ಒಂದು ವಿಗಳಿಗೆ, 60 ವಿಗಳಿಗೆ ಒಂದು ಗಳಿಗೆ. ಬರೀ ಗುರುಗಳೇ ಇರುವ 60 ಅಕ್ಷರದ ಶ್ಲೋಕವನ್ನು 60 ಸಲ ಹೇಳಿದರೆ ಬಟ್ಟಲು ಮುಳುಗಬೇಕು. ತಡವಾದರೆ ತೂತು ಹಿಗ್ಗಿಸಬಹುದು. ಹಿಗ್ಗಿದ್ದನ್ನು ಕುಗ್ಗಿಸುವುದು ಕಷ್ಟ, ಆದ್ದರಿಂದ ಚಿಕ್ಕದಾಗಿಯೇ ಕೊರೆಯಬೇಕು. ಲಲ್ಲ ‘ನಿರ್ಮಲ ಜಲ’ ಎಂದದ್ದು ಮಡಿಗಾಗಿ ಅಲ್ಲ. ಕಸವೋ ಸುಣ್ಣದ ಪದರವೋ ತೂತಿಗೆ ಕಟ್ಟಿದರೆ ಗಳಿಗೆ ಉದ್ದವಾಗುತ್ತದೆ. ನೀರು ತಣ್ಣಗಿದ್ದರೂ ಒಳಹರಿವು ನಿಧಾನ. ಬಳಸಿ ಬಳಸಿ ತೂತು ಸವೆದರೆ ಗಳಿಗೆ ಗಿಡ್ಡ. ಕಾವಲಿನವನು ತೂಕಡಿಸಿದರಂತೂ ಲೆಕ್ಕವೇ ಹೋಯಿತು.

ಗಳಿಗೆಗಳನ್ನು ಊರಿಗೆ ತಿಳಿಸಲು ಹಿತ್ತಾಳೆಯ ತಟ್ಟೆ ಬಾರಿಸುತ್ತಿದ್ದರು. ಉತ್ತರದ ನಗರಗಳಲ್ಲಿ ಇದನ್ನು ಕಂಡ ಬಾಬರ್ ತನ್ನ ಆತ್ಮಕಥೆಯಲ್ಲಿ ಒಂದು ಕೊರತೆ ಗುರುತಿಸಿದ್ದಾನೆ: ರಾತ್ರಿ ಎಚ್ಚರವಾದವನಿಗೆ ಗಳಿಗೆಯ ಪೆಟ್ಟು ಕೇಳಿದರೂ ಎಷ್ಟನೇ ಜಾವವೆಂದು ತಿಳಿಯದು. ಗಳಿಗೆ ಬಾರಿಸಿ, ತುಸು ನಿಲ್ಲಿಸಿ, ಜಾವವನ್ನೂ ಬಾರಿಸಲು ಆತ ಹೇಳಿದ. ಸರಿಯಾದ ತಿದ್ದುಪಡಿ.

ಇನ್ನು ನಿಮ್ಮ ಪಂಚಾಂಗ. ‘ಘ. 32-15’ ಎಂದರೆ 32 ಗಳಿಗೆ 15 ವಿಗಳಿಗೆಗೆ ತಿಥಿ ಮುಗಿಯುತ್ತದೆ ಎಂದು. ಗಳಿಗೆಯ ಎಣಿಕೆ ಸೂರ್ಯೋದಯದಿಂದ, ಮಧ್ಯರಾತ್ರಿಯಿಂದಲ್ಲ. 32 ಗಳಿಗೆಯನ್ನು 24ರಿಂದ ಗುಣಿಸಿದರೆ 768 ನಿಮಿಷ, ಅಂದರೆ 12 ಗಂಟೆ 48 ನಿಮಿಷ. 15 ವಿಗಳಿಗೆಗೆ, ತಲಾ 24 ಸೆಕೆಂಡಿನಂತೆ, 6 ನಿಮಿಷ. ಒಟ್ಟು 12 ಗಂಟೆ 54 ನಿಮಿಷ. ಆ ದಿನ ಸೂರ್ಯೋದಯ 6.24ಕ್ಕೆ ಇದ್ದರೆ ತಿಥಿ ಮುಗಿಯುವುದು ಸಂಜೆ 7.18ಕ್ಕೆ. 32-15ನ್ನು ದಶಾಂಶವೆಂದು ಓದಿ 32.15 ಎಂದು ಗುಣಿಸುವುದು ಹೆಚ್ಚಿನವರು ಮಾಡುವ ತಪ್ಪು, ಅದು ಮೂವತ್ತೆರಡೂಕಾಲು. ಬಾಯಿಲೆಕ್ಕಕ್ಕೆ ಎರಡೂವರೆ ಗಳಿಗೆ ಒಂದು ಗಂಟೆ, ಏಳೂವರೆ ಗಳಿಗೆ ಒಂದು ಜಾವ ಎಂದಿಟ್ಟುಕೊಳ್ಳಿ.

ಅಜ್ಜಿಯ ಗಳಿಗೆಗೆ ಈ ಲೆಕ್ಕ ಹಾಕಬೇಡಿ. ಮಾತಿನಲ್ಲಿ ಗಳಿಗೆ ಕುಗ್ಗಿ ಅರೆಕ್ಷಣವಾಗಿದೆ. ಅಮರಕೋಶದಲ್ಲಿ 12 ಕ್ಷಣ ಸೇರಿ 48 ನಿಮಿಷದ ಮುಹೂರ್ತ. ನಾಲ್ಕು ನಿಮಿಷವಿದ್ದ ಆ ಕ್ಷಣವೂ ಕುಗ್ಗಿತು. ನಿಮಿಷದ್ದೇ ಉಲ್ಟಾ: ರೆಪ್ಪೆ ಬಡಿಯುವಷ್ಟಿದ್ದದ್ದು ಈಗ 60 ಸೆಕೆಂಡ್.

ಕೊನೆಯ ಪ್ರಶ್ನೆಗೆ: ಎರಡು ಪಂಚಾಂಗಗಳು ಯಾವ ಊರಿನ ಸೂರ್ಯೋದಯ ಹಿಡಿದಿವೆ ಎಂದು ಮೊದಲ ಪುಟಗಳಲ್ಲಿ ನೋಡಿ. ಮಂಗಳೂರಿನಲ್ಲಿ ಬೆಂಗಳೂರಿಗಿಂತ ಸುಮಾರು 11 ನಿಮಿಷ ತಡವಾಗಿ ಸೂರ್ಯ ಹುಟ್ಟುತ್ತಾನೆ. ತಿಥಿ ಎಲ್ಲೆಡೆ ಒಂದೇ ಹೊತ್ತಿಗೆ ಮುಗಿಯುವುದರಿಂದ ಮಂಗಳೂರಿನ ಎಣಿಕೆ ಸುಮಾರು 27 ವಿಗಳಿಗೆ ಕಡಿಮೆ ಬರುತ್ತದೆ. ವ್ಯತ್ಯಾಸ ಗಳಿಗೆಗಳಷ್ಟಿದ್ದರೆ ಒಂದು ದೃಗ್ಗಣಿತದ್ದು (ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದಿಸಿದ ಲೆಕ್ಕ), ಇನ್ನೊಂದು ಹಳೆಯ ಸಿದ್ಧಾಂತದ ಗಣಿತದ್ದು ಇರಬೇಕು. ಆಗ ಸೂರ್ಯೋದಯ ಸರಿಪಡಿಸಿ ಫಲವಿಲ್ಲ. ಮನೆಯಲ್ಲಿ ಯಾವುದನ್ನು ಅನುಸರಿಸುತ್ತೀರೋ ಅದನ್ನೇ ಹಿಡಿಯಿರಿ.