ಒಂದೇ ಪಟ್ಟಿಗೆ ನೋಡೋದಾ, ವಾರ ವಾರ ಕಾಯೋದಾ?

ಓಟಿಟಿ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹೋದ ಸಲ ಬರೆದಿದ್ದೆ. ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದವು: ವೆಬ್ ಸೀರೀಸ್‌ನ ಎಲ್ಲಾ ಕಂತು ಒಟ್ಟಿಗೆ ಬಂದರೆ ಒಳ್ಳೆಯದೋ, ವಾರಕ್ಕೊಂದು ಬಂದರೆ ಒಳ್ಳೆಯದೋ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಮೊದಲೆಲ್ಲ ಇಡೀ ಸೀಸನ್ ಒಂದೇ ದಿನ ಬರುತ್ತಿತ್ತು. ಈಗ ಎರಡು ಮೂರು ಎಪಿಸೋಡ್ ತೋರಿಸಿ ಉಳಿದದ್ದಕ್ಕೆ ವಾರಗಟ್ಟಲೆ ಕಾಯಿಸುತ್ತಾರೆ. ಇದು ದುಡ್ಡು ಕೀಳುವ ದಾರಿ ಅಲ್ವಾ?
— ಓದುಗರು, ದಾವಣಗೆರೆ

ಹೌದು, ದುಡ್ಡಿನ ಲೆಕ್ಕ ಇದೆ. ಆದರೆ ಒಟ್ಟಿಗೆ ಬಿಡುವುದರಲ್ಲೂ ದುಡ್ಡಿನ ಲೆಕ್ಕವೇ ಇತ್ತು, ಅದನ್ನು ನಾವು ಮರೆಯುತ್ತೇವೆ. ನೆಟ್‌ಫ್ಲಿಕ್ಸ್ 2013ರ ಫೆಬ್ರವರಿ 1ರಂದು 'ಹೌಸ್ ಆಫ್ ಕಾರ್ಡ್ಸ್'ನ 13 ಕಂತುಗಳನ್ನೂ ಒಂದೇ ಸಲ ಬಿಟ್ಟಾಗ ಈ ಪದ್ಧತಿ ಜಗತ್ತಿಗೆಲ್ಲ ಗೊತ್ತಾಯಿತು. ಆಗ ಆ ಕಂಪನಿಗೆ ಜಾಹೀರಾತು ಇರಲಿಲ್ಲ. ಟಿವಿಯವರ ಹಾಗೆ ವಾರ ವಾರ ಇಷ್ಟು ಗಂಟೆಗೆ ಜನರನ್ನು ಕೂರಿಸಬೇಕು ಅನ್ನುವ ಒತ್ತಡವೂ ಇರಲಿಲ್ಲ. ಟಿವಿ ಬಿಟ್ಟು ಬರುವ ಜನರಿಗೆ 'ಇಲ್ಲಿ ನೀವು ಕಾಯಬೇಕಾಗಿಲ್ಲ' ಅಂತ ಹೇಳುವುದೇ ಅವರ ದೊಡ್ಡ ಆಕರ್ಷಣೆ ಆಗಿತ್ತು.

ಈಗ ಕಾಲ ಬದಲಾಗಿದೆ. ಹೊಸಬರನ್ನು ಸೇರಿಸುವುದಕ್ಕಿಂತ ಇದ್ದವರನ್ನು ಉಳಿಸಿಕೊಳ್ಳುವುದೇ ಕಷ್ಟ. ಒಂದು ಲೆಕ್ಕ ನೋಡಿ. 2025ರಲ್ಲಿ ಜಿಯೋಹಾಟ್‌ಸ್ಟಾರ್‌ನಲ್ಲಿ 'ಕ್ರಿಮಿನಲ್ ಜಸ್ಟಿಸ್'ನ ಹೊಸ ಸೀಸನ್ ಬಂತಲ್ಲ, ಮೇ 29ಕ್ಕೆ ಮೂರು ಕಂತು, ಆಮೇಲೆ ಪ್ರತಿ ಗುರುವಾರ ಒಂದೊಂದು. ಒಟ್ಟು ಎಂಟು ಕಂತು ಮುಗಿಯುವಾಗ ಜುಲೈ 3. ಅಂದರೆ ಮೊದಲ ದಿನ ಒಂದು ತಿಂಗಳಿಗೆ ಅಂತ ದುಡ್ಡು ಕಟ್ಟಿದವರಿಗೆ ಕೊನೆಯ ಕಂತು ನೋಡಬೇಕಾದರೆ ಇನ್ನೊಂದು ತಿಂಗಳಿಗೂ ಕಟ್ಟಬೇಕು. ಸೀರೀಸ್ ಒಟ್ಟಿಗೆ ಬಂದಿದ್ದರೆ ಶನಿವಾರ ಭಾನುವಾರ ಕೂತು ಮುಗಿಸಿ, ಸಬ್‌ಸ್ಕ್ರಿಪ್ಶನ್ ನಿಲ್ಲಿಸಿ ಹೊರಡಬಹುದಿತ್ತು.

ನೀವು ವರ್ಷದ ಪ್ಲಾನ್ ತೆಗೆದುಕೊಂಡಿದ್ದರೆ ಇದರಿಂದ ನಿಮ್ಮ ಜೇಬಿಗೆ ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ, ಸುಮ್ನೆ ಸಿಟ್ಟು ಮಾಡಿಕೊಳ್ಳಬೇಡಿ. ತಿಂಗಳ ಲೆಕ್ಕದಲ್ಲಿ ಕಟ್ಟುವವರಾದರೆ ಕೊನೆಯ ಕಂತು ಯಾವತ್ತು ಅಂತ ನೋಡಿಕೊಂಡು, ಅದಕ್ಕೆ ಎರಡು ಮೂರು ವಾರ ಮೊದಲು ಶುರು ಮಾಡಿ. ಒಂದೇ ತಿಂಗಳಲ್ಲಿ ಮುಗಿಯುತ್ತದೆ.

ಇನ್ನೊಂದು ಮಾತು. ವಾರ ವಾರ ಬಿಡುವ ತೀರ್ಮಾನ ಎಲ್ಲ ಸಲವೂ ಕಂಪನಿಯದೇ ಅಲ್ಲ. ಅಮೆಜಾನ್ ಪ್ರೈಮ್‌ನ ಸೀರೀಸ್ 'ದ ಬಾಯ್ಸ್' ಎರಡನೇ ಸೀಸನ್ 2020ರಲ್ಲಿ ಹೀಗೆ ಬಂದಾಗ ಅಭಿಮಾನಿಗಳು ಸಿಟ್ಟಿಗೆದ್ದು ಅಮೆಜಾನ್‌ನಲ್ಲೇ ಒಂದು ಸ್ಟಾರ್ ಕೊಟ್ಟು ಬೈದು ಬರೆದರು. ಆಗ ಸೀರೀಸ್ ಮಾಡಿದ ಎರಿಕ್ ಕ್ರಿಪ್ಕಿ ಅವರೇ, ಇದು ನಮ್ಮದೇ ಆಸೆ, ಜನ ನಿಧಾನಕ್ಕೆ ನೋಡಿ ಮಾತಾಡಿಕೊಳ್ಳಲಿ ಅಂತ ಹೀಗೆ ಮಾಡಿದೆವು ಎಂಬ ಅರ್ಥದಲ್ಲಿ ಹೇಳಿದ್ದರು. ನನಗೆ ಆ ಮಾತು ನಿಜ ಅನ್ನಿಸುತ್ತದೆ. ಯಾಕೆ ಅಂತ ಮುಂದೆ ಬರುತ್ತದೆ.

ಪ್ರಶ್ನೆ: ಇಬ್ಬರೂ ಒಟ್ಟಿಗೆ ನೋಡೋಣ ಅಂತ ಸೀರೀಸ್ ಶುರು ಮಾಡುತ್ತೇವೆ. ನಾನು ಬೆಳಗ್ಗೆ ಐದೂವರೆಗೆ ಏಳಬೇಕು, ಹತ್ತಕ್ಕೆ ಮಲಗುತ್ತೇನೆ. ನಮ್ಮ ಯಜಮಾನರು ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಮುಂದಿನ ಮೂರು ಕಂತು ನೋಡಿರುತ್ತಾರೆ. ಕೇಳಿದರೆ 'ನೀನು ನೋಡುವಾಗ ಇನ್ನೊಂದು ಸಲ ನೋಡ್ತೀನಿ ಬಿಡು' ಅನ್ನುತ್ತಾರೆ. ನನಗೆ ಯಾಕೆ ಇಷ್ಟು ಬೇಜಾರಾಗುತ್ತದೆ?
— ಓದುಗಿ, ಮೈಸೂರು

ಬೇಜಾರಾಗುವುದು ಸರಿಯಾಗಿಯೇ ಇದೆ. ಮುಂದೇನಾಗುತ್ತದೆ ಅಂತ ಇಬ್ಬರಿಗೂ ಗೊತ್ತಿಲ್ಲದಿರುವುದೇ ಒಟ್ಟಿಗೆ ನೋಡುವುದರ ಖುಷಿ. ಅವರಿಗೆ ಗೊತ್ತಾದ ಮೇಲೆ ಅವರು ಪಕ್ಕದಲ್ಲಿ ಕೂತಿದ್ದರೂ ನೀವು ಒಬ್ಬರೇ ನೋಡಿದ ಹಾಗೆ. ಕೊಲೆ ಯಾರು ಮಾಡಿದ್ದು ಅಂತ ನೀವು ಊಹೆ ಮಾಡಿ ಹೇಳಿದರೆ ಅವರ ಮುಖದಲ್ಲೇ ಉತ್ತರ ಕಂಡುಬಿಡುತ್ತದೆ.

ಇದನ್ನು ಅವರಿಗೆ ಹೀಗೇ ಹೇಳಿ. 'ನೋಡಬೇಡಿ' ಅನ್ನಬೇಡಿ, 'ಇದು ನಮ್ಮಿಬ್ಬರ ಸೀರೀಸ್, ಅದು ನಿಮ್ಮದು' ಅಂತ ಎರಡು ಬೇರೆ ಮಾಡಿ. ಹತ್ತು ಗಂಟೆಯ ಮೇಲೆ ಅವರಿಗೆ ನೋಡಬೇಕು ಅನ್ನಿಸಿದರೆ ಅವರದ್ದನ್ನು ನೋಡಿಕೊಳ್ಳಲಿ. ಪ್ರೊಫೈಲ್ ಕೂಡ ಬೇರೆ ಮಾಡಿ, ಇಬ್ಬರೂ ನೋಡುವುದಕ್ಕೇ ಒಂದು. ಮತ್ತೆ, ನಿಮ್ಮ ಮನೆಗೆ ವಾರ ವಾರ ಬರುವ ಸೀರೀಸೇ ಒಳ್ಳೆಯದು. ಮುಂದಿನ ಕಂತು ಬಂದೇ ಇಲ್ಲ ಅಂದರೆ ಯಾರು ತಾನೇ ಕದ್ದು ನೋಡುತ್ತಾರೆ?

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಊಟ ಆದ ಮೇಲೆ ಒಂದೇ ಕಂತು ಅಂತ ಶುರು ಮಾಡಿ ಬೆಳಗಿನ ಜಾವ ನಾಲ್ಕು ಗಂಟೆ ಆಗಿರುತ್ತದೆ. ನಿಲ್ಲಿಸೋಕೆ ಆಗೋದೇ ಇಲ್ಲ. ಇಂಟರ್ನಲ್ಸ್ ಹತ್ತಿರ ಬಂದಿದೆ, ಏನು ಮಾಡಲಿ?
— ವಿದ್ಯಾರ್ಥಿ, ಹುಬ್ಬಳ್ಳಿ

ನಿಮಗೆ ಮನಸ್ಸು ಗಟ್ಟಿ ಇಲ್ಲ ಅಂತ ಅಂದುಕೊಳ್ಳಬೇಡಿ. ಒಟ್ಟಿಗೆ ಬಿಡುವುದಕ್ಕೆ ಅಂತಲೇ ಬರೆದ ಸೀರೀಸ್‌ಗಳು ಹಾಗೇ ಕಟ್ಟಿರುತ್ತವೆ. ಕಂತಿನ ಕೊನೆಯ ಒಂದೆರಡು ನಿಮಿಷದಲ್ಲಿ ಬಾಗಿಲು ತೆರೆಯುತ್ತದೆ, ಫೋನ್ ಬರುತ್ತದೆ, ಸತ್ತವನು ಕಣ್ಣು ಬಿಡುತ್ತಾನೆ. ನೀವು ರಿಮೋಟ್ ಹುಡುಕುವಷ್ಟರಲ್ಲಿ ಮುಂದಿನದು ತಾನಾಗಿಯೇ ಶುರುವಾಗುತ್ತದೆ. ನೆಟ್‌ಫ್ಲಿಕ್ಸ್‌ನ ಆಗಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ, ನಮ್ಮ ಪೈಪೋಟಿ ಜನರ ನಿದ್ದೆಯ ಜೊತೆ ಅಂತಲೇ ಹೇಳಿಕೊಂಡಿದ್ದರು. ನೀವು ಒಬ್ಬರೇ ರಾತ್ರಿ ಎರಡು ಗಂಟೆಯಲ್ಲಿ ಅಂಥ ಕಂಪನಿಯ ಎದುರು ನಿಂತಿದ್ದೀರಿ. ಹಾಗಾಗಿ ಬರೀ ಮನಸ್ಸಿನ ಬಲ ನಂಬಿಕೊಂಡರೆ ಆಗುವುದಿಲ್ಲ.

ಎರಡು ಕೆಲಸ ಮಾಡಿ. ಬ್ರೌಸರಿನಲ್ಲಿ ನಿಮ್ಮ ಅಕೌಂಟ್ ತೆರೆದು, ಪ್ರೊಫೈಲ್‌ನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ಗೆ ಹೋಗಿ, ಮುಂದಿನ ಕಂತು ತಾನಾಗಿ ಶುರುವಾಗುವ ಆಟೋಪ್ಲೇ ಟಿಕ್ ತೆಗೆದುಬಿಡಿ. ನೆಟ್‌ಫ್ಲಿಕ್ಸ್‌ನಲ್ಲಿ ಇದು ಇದೆ. ಇದೊಂದರಿಂದಲೇ 'ಮುಂದೆ ನೋಡಲಾ ಬೇಡವಾ' ಅಂತ ಯೋಚಿಸೋಕೆ ಒಂದು ಕ್ಷಣ ಸಿಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಕಂತು ಮುಗಿದಾಗ ನಿಲ್ಲಿಸಬೇಡಿ, ಕಂತಿನ ನಡುವೆ ನಿಲ್ಲಿಸಿ. ಹಿಂದಿನ ಕಂತು ಎಲ್ಲಿ ನಿಮ್ಮನ್ನು ನೇತುಹಾಕಿತ್ತೋ ಅದಕ್ಕೆ ಉತ್ತರ ಸಾಮಾನ್ಯವಾಗಿ ಮುಂದಿನ ಕಂತಿನ ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಸಿಕ್ಕಿಬಿಡುತ್ತದೆ. ಆಮೇಲೆ ಕತೆ ಸ್ವಲ್ಪ ತಣ್ಣಗಾಗುತ್ತದೆ, ಯಾರೋ ಕಾಫಿ ಕುಡಿಯುತ್ತಿರುತ್ತಾರೆ, ಯಾರೋ ಕಾರಿನಲ್ಲಿ ಹೋಗುತ್ತಿರುತ್ತಾರೆ. ಅಲ್ಲಿ ನಿಲ್ಲಿಸಿ ಮಲಗಿ. ನಾಳೆ ಅಲ್ಲಿಂದಲೇ ಶುರು ಮಾಡಿ, ಮತ್ತೆ ಅಂಥದೇ ಜಾಗದಲ್ಲಿ ನಿಲ್ಲಿಸಿ.

ನಿದ್ದೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಲ್ಜಿಯಂನಲ್ಲಿ 18ರಿಂದ 25 ವರ್ಷದ 423 ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೀಗೆ ಕಂತಿನ ಮೇಲೆ ಕಂತು ನೋಡುವವರಿಗೆ ನಿದ್ದೆ ಸರಿ ಇಲ್ಲದಿರುವುದು, ಸುಸ್ತು ಜಾಸ್ತಿ ಇರುವುದು ಅದರಲ್ಲಿ ಕಂಡುಬಂತು. ಕಾರಣ ತುಂಬಾ ಹೊತ್ತು ಎದ್ದಿರುವುದಷ್ಟೇ ಅಲ್ಲ, ಟಿವಿ ಆರಿಸಿ ಮಲಗಿದ ಮೇಲೂ ತಲೆಯಲ್ಲಿ ಕತೆ ಓಡುತ್ತಲೇ ಇರುತ್ತದೆ. ಇಂಟರ್ನಲ್ಸ್ ಮುಗಿಯುವ ತನಕ ಥ್ರಿಲ್ಲರ್ ಬಿಡಿ. ನಗೆಯ ಸೀರೀಸ್, ಅದೂ ಅರ್ಧ ಗಂಟೆಯ ಕಂತಿನದ್ದು, ಸಂಜೆ ಊಟದ ಜೊತೆ ಒಂದು ನೋಡಿ.

ಪ್ರಶ್ನೆ: ನಾವು ದೂರದರ್ಶನದ ಕಾಲದವರು. 'ಮಾಯಾಮೃಗ' ನೋಡಿ ಮರುದಿನದ ತನಕ ಅದೇ ಮಾತು. ಈಗ ಮಗ ಸೊಸೆ ಒಂದು ಸೀರೀಸ್ ಎರಡು ದಿನದಲ್ಲಿ ಮುಗಿಸಿ, ಕತೆ ಏನು ಅಂತ ಕೇಳಿದರೆ 'ಏನೋ ಇತ್ತಮ್ಮ' ಅನ್ನುತ್ತಾರೆ. ಕಾಯುವುದರಲ್ಲಿ ಒಂದು ಸುಖ ಇತ್ತು ಅಂದರೆ ನಗುತ್ತಾರೆ. ನಾನು ಹೇಳೋದು ತಪ್ಪಾ?
— ಹಿರಿಯ ಓದುಗಿ, ತೀರ್ಥಹಳ್ಳಿ

ತಪ್ಪಲ್ಲ ಅಮ್ಮ. ನೀವು ಹೇಳಿದ್ದನ್ನೇ ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಸೀರೀಸನ್ನು ಕೆಲವರಿಗೆ ವಾರಕ್ಕೊಂದು ಕಂತು, ಕೆಲವರಿಗೆ ದಿನಕ್ಕೊಂದು, ಕೆಲವರಿಗೆ ಪೂರ್ತಿ ಒಂದೇ ಪಟ್ಟಿಗೆ ತೋರಿಸಿದರು. ಮರುದಿನ ಕೇಳಿದಾಗ ಒಂದೇ ಪಟ್ಟಿಗೆ ನೋಡಿದವರಿಗೇ ಕತೆ ಚೆನ್ನಾಗಿ ನೆನಪಿತ್ತು. ಆದರೆ 140 ದಿನ ಬಿಟ್ಟು ಕೇಳಿದಾಗ ಅವರೇ ಜಾಸ್ತಿ ಮರೆತಿದ್ದರು. ಅಷ್ಟೇ ಅಲ್ಲ, ಸೀರೀಸ್ ಎಷ್ಟು ಹಿಡಿಸಿತು ಅಂತ ಕೇಳಿದರೆ ಉಳಿದವರಿಗಿಂತ ಅವರಿಗೇ ಕಮ್ಮಿ ಹಿಡಿಸಿತ್ತು. ಸಣ್ಣ ಅಧ್ಯಯನ ಅದು, ಕೆಲವೇ ಹತ್ತಾರು ವಿದ್ಯಾರ್ಥಿಗಳ ಮೇಲೆ ಮಾಡಿದ್ದು. ಆದರೂ 'ಏನೋ ಇತ್ತಮ್ಮ' ಅನ್ನುವ ನಿಮ್ಮ ಮಗನ ಮಾತಿಗೆ ಸರಿಯಾಗಿ ಹೊಂದುತ್ತದೆ, ಅಲ್ವಾ?

ನಾನು ಇದನ್ನು ಹೀಗೆ ನೋಡುತ್ತೇನೆ. ಎರಡು ಕಂತಿನ ನಡುವಿನ ಬಿಡುವು ಖಾಲಿ ಸಮಯ ಅಲ್ಲ, ಕತೆ ನಮ್ಮದಾಗುವುದೇ ಆಗ. 1998ರಲ್ಲಿ ಟಿ.ಎನ್. ಸೀತಾರಾಮ್ ಮತ್ತು ಜೊತೆಯವರ 'ಮಾಯಾಮೃಗ' ಬರುತ್ತಿದ್ದಾಗ, ಪರದೆಯ ಮೇಲೆ ಇರುತ್ತಿದ್ದದ್ದು ದಿನಕ್ಕೆ ಅರ್ಧ ಗಂಟೆಯೊಳಗೆ. ಉಳಿದ ಹೊತ್ತೆಲ್ಲ ಅದು ನಿಮ್ಮ ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ ನಡೆಯುತ್ತಿತ್ತು. ಅವಳು ಹಾಗೆ ಹೇಳಬಾರದಿತ್ತು, ಇವನು ನಾಳೆ ಏನು ಮಾಡುತ್ತಾನೋ ಅಂತ ನೀವು ಪಕ್ಕದ ಮನೆಯವರ ಜೊತೆ ವಾದ ಮಾಡುತ್ತಿದ್ದಿರಿ. ಹಾಗೆ ವಾದ ಮಾಡಿದ್ದು ಮರೆಯುವುದಿಲ್ಲ.

ಅದಕ್ಕಿಂತ ಮುಂಚೆ ವಾರಪತ್ರಿಕೆಯ ಧಾರಾವಾಹಿಗಳಿದ್ದವು. ಕೊನೆಯಲ್ಲಿ 'ಸಶೇಷ' ಅಂತ ಇರುತ್ತಿತ್ತು. ಪತ್ರಿಕೆ ಬಂದ ದಿನ ಮನೆಯಲ್ಲಿ ಮೊದಲು ಓದುವವರು ಯಾರು ಅಂತ ಜಗಳ. ಧಾರಾವಾಹಿಯ ಹಾಳೆಗಳನ್ನಷ್ಟೇ ಬಿಡಿಸಿ ತೆಗೆದು, ವಾರ ವಾರ ಒಂದರ ಕೆಳಗೊಂದು ಜೋಡಿಸಿ, ಕತೆ ಮುಗಿದ ಮೇಲೆ ದಬ್ಬಳದಿಂದ ತೂತು ಹೊಡೆದು ದಾರ ಹಾಕಿ ಹೊಲಿದು, ಮೇಲೆ ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡಿಟ್ಟುಕೊಂಡವರು ಎಷ್ಟೋ ಮನೆಗಳಲ್ಲಿದ್ದರು. ನಿಮ್ಮ ಮನೆಯ ಅಟ್ಟದಲ್ಲೂ ಒಂದಿದ್ದರೆ ಆಶ್ಚರ್ಯ ಇಲ್ಲ. ಕಾದು ಓದಿದ ಕತೆಯ ಮೇಲೆ ಅಷ್ಟು ಮಮತೆ.

ಆದರೆ ನಿಮ್ಮ ಮಗನ ಪರವಾಗಿಯೂ ಒಂದು ಮಾತು ಹೇಳಬೇಕು. ಕಾಯಿಸಿದ ಮಾತ್ರಕ್ಕೆ ಕತೆ ಒಳ್ಳೆಯದಾಗುವುದಿಲ್ಲ. ಇವತ್ತಿನ ದಿನದ ಸೀರಿಯಲ್‌ಗಳಲ್ಲಿ ಒಂದು ತಾಳಿ ಕಟ್ಟುವುದಕ್ಕೆ ಒಂದು ವಾರ ಎಳೆಯುತ್ತಾರೆ, ಒಂದೇ ಮಾತಿಗೆ ಮನೆಯವರೆಲ್ಲರ ಮುಖ ಒಂದೊಂದಾಗಿ ತೋರಿಸುತ್ತಾರೆ. ಅಂಥದ್ದಕ್ಕೆ ಕಾದು ಏನು ಪ್ರಯೋಜನ? ಕಂತು ಕಂತಿನಲ್ಲೂ ಏನಾದರೂ ಕೈಗೆ ಸಿಗಬೇಕು. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ನೆನಪಿಸಿಕೊಳ್ಳಿ. ಅದರ ಎಷ್ಟೋ ಕಂತುಗಳು ಅವತ್ತಿಗೆ ಅಲ್ಲೇ ಮುಗಿಯುತ್ತಿದ್ದ ಕತೆಗಳು. ಸ್ವಾಮಿ ಮತ್ತು ಗೆಳೆಯರ ಕತೆ ಮಾತ್ರ ಎಂಟು ಕಂತು ಮುಂದುವರಿಯಿತು, ಆದರೂ ಪ್ರತಿ ಕಂತಿಗೂ ತನ್ನದೇ ಒಂದು ಆಕಾರ ಇತ್ತು. ವಾರಕ್ಕೊಂದು ನೋಡಿದರೂ ಸರಿ, ಇವತ್ತು ಒಟ್ಟಿಗೆ ನೋಡಿದರೂ ಸರಿ, ಅದು ಕೆಡುವುದಿಲ್ಲ. ಮಗ ಸೊಸೆಗೆ ಅದರಿಂದಲೇ ಒಂದು ಕತೆ ಭಾನುವಾರ ರಾತ್ರಿ ತೋರಿಸಿ ನೋಡಿ. ಒಂದೇ ತೋರಿಸಿ.

ಪ್ರಶ್ನೆ: ನಾವು ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದೇವೆ. ನಾವು ಬೆಳಗ್ಗೆ ಎದ್ದು ಫೋನ್ ನೋಡುವಷ್ಟರಲ್ಲಿ ಬೆಂಗಳೂರಿನ ಕಸಿನ್ಸ್ ಗ್ರೂಪಿನಲ್ಲಿ ಕತೆ ಬಿಚ್ಚಿಟ್ಟಿರುತ್ತಾರೆ. ಇದಕ್ಕೇನು ಪರಿಹಾರ?
— ಓದುಗರು, ನ್ಯೂಜೆರ್ಸಿ

ನೆಟ್‌ಫ್ಲಿಕ್ಸ್‌ನ ಸ್ವಂತ ಸೀರೀಸ್‌ಗಳು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದ ನಡುರಾತ್ರಿಗೆ ಬರುತ್ತವೆ. ಆಗ ನಿಮಗೆ ಬೆಳಗಿನ ಜಾವ ಮೂರು, ಬೆಂಗಳೂರಿನಲ್ಲಿ ಮಧ್ಯಾಹ್ನ 12:30 ಅಥವಾ 1:30. ನೀವು ಏಳುವಷ್ಟರಲ್ಲಿ ಅವರು ನಾಲ್ಕೈದು ಕಂತು ಮುಗಿಸಿರುವುದು ಸಹಜ. 'ಸ್ಟ್ರೇಂಜರ್ ಥಿಂಗ್ಸ್' ಕೊನೆಯ ಸೀಸನ್ನಿನಲ್ಲಿ ಮಾತ್ರ ಇದು ತಿರುಗಿತು. ಅಮೆರಿಕದಲ್ಲಿ ಸಂಜೆ ಬಂತು, ಇಲ್ಲಿ ಬೆಳಗ್ಗೆ ಆರೂವರೆ. 2025ರ ನವೆಂಬರ್ ಕೊನೆಗೆ ಒಂದಿಷ್ಟು ಕಂತು, ಕ್ರಿಸ್‌ಮಸ್‌ಗೆ ಒಂದಿಷ್ಟು, ಕೊನೆಯ ಕಂತು ವರ್ಷದ ಕೊನೆಯ ದಿನ ಅಂತ ಮೂರು ಭಾಗ ಮಾಡಿದ್ದರಿಂದ ಮಾತೂ ಒಂದು ತಿಂಗಳಿಗಿಂತ ಜಾಸ್ತಿ ನಡೆಯಿತು.

ಗ್ರೂಪಿನಲ್ಲಿ ಒಂದೇ ನಿಯಮ ಮಾಡಿಕೊಳ್ಳಿ: ಮೊದಲ ಸಾಲಿನಲ್ಲಿ ಎಷ್ಟನೇ ಕಂತಿನ ಬಗ್ಗೆ ಅಂತ ಇರಲಿ, ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟು ಮಾತು ಶುರುವಾಗಲಿ. ಇಲ್ಲವಾದರೆ ಒಂದು ಸೀರೀಸ್ ಆರಿಸಿ, ಶನಿವಾರಕ್ಕೆ ಒಂದು ಕಂತು ಅಂತ ನೀವು ನೀವೇ ಗೊತ್ತುಮಾಡಿ, ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಾತಾಡಿ. ಊರಲ್ಲಿರುವ ಅಪ್ಪ ಅಮ್ಮನನ್ನೂ ಸೇರಿಸಿಕೊಳ್ಳಿ. 'ಊಟ ಆಯ್ತಾ, ಮಳೆ ಬಂತಾ' ಆದ ಮೇಲೆ ಏನು ಮಾತಾಡೋದು ಅಂತ ಇಬ್ಬರೂ ಸುಮ್ಮನಾಗುವ ಹೊತ್ತು ಇದೆಯಲ್ಲ, ಅದು ಇರುವುದಿಲ್ಲ.

ಪ್ರಶ್ನೆ: ಕನ್ನಡದ ವೆಬ್ ಸೀರೀಸ್ ಬರುವುದೇ ಅಪರೂಪ. ಬಂದಾಗ ಒಟ್ಟಿಗೆ ಬಂದರೆ ಒಳ್ಳೆಯದೋ, ವಾರ ವಾರವೋ?
— ಓದುಗರು, ಉಡುಪಿ

ನನ್ನ ಮಟ್ಟಿಗೆ ವಾರ ವಾರ. ಮೊದಲ ದಿನ ಎರಡು ಕಂತು, ಆಮೇಲೆ ವಾರಕ್ಕೊಂದು. ದೊಡ್ಡ ಹಿಂದಿ ಸೀರೀಸ್‌ಗೆ ರಸ್ತೆಗೊಂದು ಹೋರ್ಡಿಂಗ್ ಇರುತ್ತದೆ, ಕಪಿಲ್ ಶರ್ಮಾ ಶೋಗೆ ಹೋಗಿ ಕೂರುತ್ತಾರೆ. ನಮ್ಮವರ ಹತ್ತಿರ ಅಷ್ಟು ದುಡ್ಡಿಲ್ಲ. ನಮ್ಮ ಸೀರೀಸ್ ಓಡಬೇಕಾದರೆ ಒಬ್ಬರು ಇನ್ನೊಬ್ಬರಿಗೆ 'ನೋಡಿದ್ಯಾ?' ಅಂತ ಹೇಳಬೇಕು. ಆ ಮಾತು ಹರಡುವುದಕ್ಕೆ ಹೊತ್ತು ಬೇಕು. ಎಲ್ಲ ಒಂದೇ ಶುಕ್ರವಾರ ಬಂದರೆ, ಮುಂದಿನ ಶುಕ್ರವಾರ ಬೇರೆ ಏನೋ ಬಂದು ನಮ್ಮದು ಕೆಳಗೆ ಸರಿದುಹೋಗಿರುತ್ತದೆ. ಯಾರಾದರೂ ಹೇಳಿ ನೀವು ಹುಡುಕುವಷ್ಟರಲ್ಲಿ ಅದರ ಹೆಸರೂ ಮರೆತಿರುತ್ತದೆ.

ನಿಮ್ಮ ಕಡೆಯ ಕತೆಗಳದ್ದೇ 'ಏಕಂ' ಗೊತ್ತಲ್ಲ. ರಕ್ಷಿತ್ ಶೆಟ್ಟಿ ಬೆನ್ನಿಗೆ ನಿಂತ ಕರಾವಳಿಯ ಏಳು ಕತೆಗಳು. ದೊಡ್ಡ ಓಟಿಟಿಗಳು ಯಾವುವೂ ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈ 13ಕ್ಕೆ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. ಎಷ್ಟು ಜನಕ್ಕೆ ಅದು ಬಂದಿದ್ದೇ ಗೊತ್ತಾಗಲಿಲ್ಲ ಅಂತ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ಏಳೂ ಬೇರೆ ಬೇರೆ ಕತೆ. ವಾರಕ್ಕೊಂದು ಕತೆ, ವಾರವಿಡೀ ಅದೊಂದರದ್ದೇ ಮಾತು ಅಂತ ಆಗಿದ್ದರೆ ಏಳು ವಾರ ಅದು ಜನರ ಬಾಯಲ್ಲಿ ಇರುತ್ತಿತ್ತು.

2025ರಲ್ಲಿ ಜೀ5ನಲ್ಲಿ 'ಅಯ್ಯನ ಮನೆ' ಬಂತು, ಆಮೇಲೆ 'ಶೋಧ' ಬಂತು. ಒಂದು ಬಾಗಿಲು ತೆರೆದಿದೆ. ಬಿಡುಗಡೆ ಹೇಗೆ ಅನ್ನುವುದು ಅವರ ಕೈಯಲ್ಲಿದೆ, ನಮ್ಮ ಕೈಯಲ್ಲಿ ಇರುವುದು ಎರಡು. ಶುರು ಮಾಡಿದ್ದನ್ನು ಕೊನೆ ತನಕ ನೋಡಿ, ಅರ್ಧಕ್ಕೆ ಬಿಟ್ಟವರು ಎಷ್ಟು, ಮುಗಿಸಿದವರು ಎಷ್ಟು ಅಂತ ಕಂಪನಿಗಳಿಗೆ ಗೊತ್ತಾಗುತ್ತದೆ, ಮುಂದಿನ ಸೀಸನ್ ತೀರ್ಮಾನ ಮಾಡುವಾಗ ಆ ಲೆಕ್ಕವನ್ನೂ ನೋಡುತ್ತಾರೆ. ಮತ್ತೆ, ನೋಡಿದ ಮೇಲೆ ಸುಮ್ಮನಿರಬೇಡಿ. ಸ್ಟೇಟಸ್ ಹಾಕಿ, ಉಡುಪಿಯ ನಾಲ್ಕು ಜನಕ್ಕೆ ಹೇಳಿ. ಹಿಡಿಸದಿದ್ದರೆ ಯಾಕೆ ಹಿಡಿಸಲಿಲ್ಲ ಅಂತಲೂ ಬರೆಯಿರಿ, ಮಾಡಿದವರು ಓದುತ್ತಾರೆ.