ಕಡಲಬದಿಯ ಮನೆ: ಅಡ್ವಾನ್ಸ್‌ಗೆ ಮೊದಲು ಎರಡು ವರದಿ

ಬೆಂಗಳೂರಿನ ಓದುಗರೊಬ್ಬರ ಪತ್ರದ ಸಾರಾಂಶ: ಬೈಂದೂರು ತಾಲ್ಲೂಕಿನ ಕಡಲಬದಿಯ ಹಳ್ಳಿಯಲ್ಲಿ ಒಂದು ಮನೆ ನೋಡಿದ್ದೇವೆ. ಮುಂಭಾಗ ಮುರಕಲ್ಲಿನ ಗೋಡೆ, ಹಂಚಿನ ಮಾಡು, ಸುಮಾರು 60 ವರ್ಷದ್ದು. ಹಿಂದೆ 1998ರಲ್ಲಿ ಕಟ್ಟಿದ ತಾರಸಿಯ ಎರಡು ಕೋಣೆ, ಬಚ್ಚಲು. ಪಹಣಿಯಲ್ಲಿ 24 ಸೆಂಟ್ಸ್. ಪಾಗಾರದೊಳಗೆ (ಕಾಂಪೌಂಡಿನೊಳಗೆ) 31 ಇದೆ, ಪಡುಬದಿಯದ್ದು ಕುಮ್ಕಿ ಎನ್ನುತ್ತಾರೆ. ಸಮುದ್ರ 150 ಮೀಟರ್ ದೂರ. ಮುಂದೆ ತಾರಸಿಯ ಮೇಲೊಂದು ಕೋಣೆ ಏರಿಸುವ ಆಸೆಯಿದೆ. ಬ್ಯಾಂಕಿನವರು ವ್ಯಾಲ್ಯುಯೇಶನ್ ಮಾಡಿ ಹೋಗಿದ್ದಾರೆ, ಇನ್ನೊಬ್ಬ ಎಂಜಿನಿಯರ್ ಯಾಕೆ ಎಂದು ದಲ್ಲಾಳಿ ಕೇಳುತ್ತಿದ್ದಾರೆ. ಮಾರ್ಚ್ ಒಳಗೆ ನೋಂದಣಿ ಮುಗಿಸಬೇಕಂತೆ. ಗೆದ್ದಲಿಗೆ ಮಾಲೀಕರೇ ಔಷಧ ಹೊಡೆಸಿ ಕೊಡುತ್ತಾರಂತೆ, ಒಪ್ಪಬಹುದೇ?

ಮಾನ್ಯರೇ,

ಎಂಜಿನಿಯರ್ ಬೇಕೇ ಬೇಕು. ಬ್ಯಾಂಕಿನ ವ್ಯಾಲ್ಯುಯೇಶನ್ ಬ್ಯಾಂಕಿಗಾಗಿ ಮಾಡಿದ್ದು. ನೀವು ಸಾಲ ಕಟ್ಟದಿದ್ದರೆ ಆಸ್ತಿ ಮಾರಿ ಹಣ ವಸೂಲಾದೀತೇ ಎಂಬಷ್ಟೇ ಅದರ ಪ್ರಶ್ನೆ. ವ್ಯಾಲ್ಯುವರ್ ಅಳತೆ ತೆಗೆದು, ಫೋಟೋ ಹೊಡೆದು, ಆ ಭಾಗದ ದರ ಹಾಕಿ ಹೊರಡುತ್ತಾರೆ. ಹಂಚು ಸರಿಸಿ ಪಕಾಸಿನ (ಮಾಡು ಹೊರುವ ಇಳಿಜಾರು ಮರದ) ತುದಿ ನೋಡಲು, ತಾರಸಿಗೆ ಸುತ್ತಿಗೆ ಬಡಿದು ಕಿವಿಗೊಡಲು ಅವರನ್ನು ಯಾರೂ ಕಳಿಸಿರುವುದಿಲ್ಲ.

ನಿಮಗೆ ಇಬ್ಬರು ಬೇಕು: ಪರವಾನಗಿ ಪಡೆದ ಭೂಮಾಪಕರು ಮತ್ತು ಸ್ಟ್ರಕ್ಚರಲ್ ಎಂಜಿನಿಯರ್. ದಾಖಲೆ ನೋಡಲು ವಕೀಲರು ಹೇಗೂ ಇರುತ್ತಾರೆ. ಇಬ್ಬರನ್ನೂ ನೀವೇ ಹುಡುಕಿ, ಶುಲ್ಕ ನೀವೇ ಕೊಡಿ. ದಲ್ಲಾಳಿ ಕರೆತಂದವರು ಬೇಡ. ಎರಡು ವರದಿಗಳನ್ನೂ ಅಡ್ವಾನ್ಸ್‌ಗೆ ಮೊದಲೇ ತರಿಸಿ ಒಟ್ಟಿಗೆ ಇಟ್ಟು ಓದಬೇಕು. ಬಯಲುಸೀಮೆಯ ಊರಿನಲ್ಲಿ ಎಂಜಿನಿಯರ್ 'ಹಿಂದಿನ ಕೋಣೆ ಕೆಡವಿ ಕಟ್ಟಿ' ಎಂದರೆ ಅದು ಖರ್ಚಿನ ಮಾತು, ಅಷ್ಟೇ. ಕಡಲಬದಿಯಲ್ಲಿ ಕೆಡವಿದ್ದನ್ನು ಮತ್ತೆ ಕಟ್ಟಲು ಅನುಮತಿ ಸಿಗುತ್ತದೋ ಇಲ್ಲವೋ ಎಂಬುದು ಬೇರೆಯದೇ ಪ್ರಶ್ನೆ. ನಿಮ್ಮ ಮನೆಯ ಮಟ್ಟಿಗೆ ಇಡೀ ವ್ಯವಹಾರ ನಿಂತಿರುವುದು ಆ ಪ್ರಶ್ನೆಯ ಮೇಲೆಯೇ.

ಮೊದಲು ಜಾಗ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ಪಹಣಿಗಿಂತ ಹೆಚ್ಚಿಗೆ ತೋರಿಸುತ್ತಿರುವ 7 ಸೆಂಟ್ಸ್ ಸುಮಾರು 3,049 ಚದರ ಅಡಿಯಾಯಿತು. ಹಳೆಯ ವರ್ಗ (ಕಂದಾಯ ಕಟ್ಟುವ ಖಾಸಗಿ) ಜಮೀನಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು ತೆಗೆಯುವ ಸವಲತ್ತಿಗೆ ಕುಮ್ಕಿ ಎನ್ನುತ್ತಾರೆ. ಅದನ್ನು ಅನುಭವಿಸಬಹುದು, ಮಾರಲು ಬರುವುದಿಲ್ಲ. ಕಡಲಿಗೆ ತಾಗಿದ ತುಂಡು ಪರಂಬೋಕು (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಆಗಿದ್ದರಂತೂ ಆ ಸವಲತ್ತೂ ಇಲ್ಲ. ಅಲ್ಲಿ ಅಜ್ಜನ ಕಾಲದ ತೆಂಗಿನ ಮರಗಳೇ ಇರಲಿ, ಬೆಲೆಯನ್ನು 24 ಸೆಂಟ್ಸ್‌ಗೆ ಮಾತ್ರ ಮಾತಾಡಿ.

ಜಾಗದಲ್ಲಿ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ತೋರಿಸುತ್ತದೆ. ಪಾಗಾರದ ನಾಲ್ಕು ಮೂಲೆಯಲ್ಲೂ ನೋಡಿ. ಪಡುಬದಿಯಲ್ಲಿ ನಂಬರ್ ಬದಲಾದರೆ ಅನುಮಾನಕ್ಕೆ ಅಷ್ಟು ಸಾಕು, ಆದರೆ ಅದು ಪುರಾವೆಯಾಗದು. ಗಡಿ ಖಚಿತವಾಗುವುದು ಹದ್ದುಬಸ್ತಿನಲ್ಲಿ, ಅಂದರೆ ಸರ್ವೆ ಇಲಾಖೆಯ ಗಡಿ ಅಳತೆಯಲ್ಲಿ. ಅರ್ಜಿ ಖಾತೆದಾರರ ಹೆಸರಲ್ಲೇ ಹೋಗಬೇಕಾದ್ದರಿಂದ ಮಾರುವವರಿಂದಲೇ ಹಾಕಿಸಿ. ನೆರೆಯವರಿಗೆ ನೋಟಿಸ್ ಹೋಗಿ, ಅವರೆದುರೇ ಅಳತೆಯಾಗಿ, ಕಲ್ಲು ಬೀಳಬೇಕು. ಆ ದಿನ ನಿಮ್ಮ ಭೂಮಾಪಕರೂ ಅಲ್ಲಿರಲಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುತ್ತಿದ್ದರೆ 11ಇ ನಕ್ಷೆ (ಮಾರುವ ಭಾಗವನ್ನು ಗುರುತಿಸುವ ಸರ್ವೆ ನಕ್ಷೆ) ಬೇಕಾಗುತ್ತದೆ. ಪಹಣಿ, ಆಕಾರ್‌ಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆ), ನಕ್ಷೆ ಈ ಮೂರರಲ್ಲೂ ವಿಸ್ತೀರ್ಣ ಒಂದೇ ಇದೆಯೇ ನೋಡಿಸಿ. ಹಾಗೆಯೇ ಮನೆಗೆ ಬರುವ ದಾರಿ ನಕ್ಷೆಯಲ್ಲಿ ಇದೆಯೋ, ನೆರೆಯವರ ಹಿತ್ತಲಲ್ಲಿ ಬಾಯಿಮಾತಿನ ಮೇಲೆ ನಡೆಯುತ್ತಿದೆಯೋ ಕೇಳಿ. ಇದನ್ನು ಮರೆತು ಕೊಂಡವರು ಆಮೇಲೆ ಕಾರು ರಸ್ತೆಯಲ್ಲಿ ಬಿಟ್ಟು ನಡೆದು ಹೋಗುತ್ತಾರೆ.

ಮುಂದಿನದು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 150 ಮೀಟರ್ ಎಂದು ನೀವು ಬರೆದದ್ದು ಬಹುಶಃ ಆ ದಿನ ಅಲೆ ಮುಟ್ಟುತ್ತಿದ್ದ ಜಾಗದಿಂದ. ಕಾನೂನು ಅಳೆಯುವುದು ಭರತರೇಖೆಯಿಂದ, ಅಂದರೆ ದೊಡ್ಡ ಉಬ್ಬರದಲ್ಲಿ ನೀರು ಏರುವ ಗೆರೆಯಿಂದ. ಆ ರೇಖೆ ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಗುರುತಾಗಿರುತ್ತದೆ, ಅಲೆಯಂಚಿಗಿಂತ ಮೂಡಕ್ಕೇ ಇರುತ್ತದೆ. 2019ರ ಅಧಿಸೂಚನೆಯ ಪ್ರಕಾರ, 2011ರ ಜನಗಣತಿಯಲ್ಲಿ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನ ಇದ್ದ ಗ್ರಾಮೀಣ ಪ್ರದೇಶದಲ್ಲಿ ನಿರ್ಮಾಣ ನಿಷೇಧ ವಲಯ 50 ಮೀಟರ್, ಅದಕ್ಕಿಂತ ವಿರಳವಾದ ಕಡೆ 200 ಮೀಟರ್. ಅಂದರೆ ನಿಮ್ಮ ಮನೆ ವಲಯದ ಒಳಗೋ ಹೊರಗೋ ಎಂಬುದನ್ನು ಹಳ್ಳಿಯ ಜನಸಾಂದ್ರತೆಯೇ ತೀರ್ಮಾನಿಸುತ್ತದೆ. ಮರವಂತೆಯ ಹಾಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಊರಾದರೆ ಉಪ್ಪುನೀರು ಏರುವ ಹೊಳೆಯ ದಡದಿಂದಲೂ ಲೆಕ್ಕ ಇದೆ: 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಸರ್ವೆ ನಂಬರ್ ಕೊಟ್ಟು ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ನಿಷೇಧ ವಲಯದ ಒಳಗೆ ಬಿದ್ದರೆ ಅಧಿಕೃತ ಕಟ್ಟಡದ ದುರಸ್ತಿ, ಪುನರ್ನಿರ್ಮಾಣಕ್ಕೆ ಅವಕಾಶವಿದೆ. ಈಗಿನ ತಳಪಾಯದ ವಿಸ್ತೀರ್ಣವನ್ನೂ ಒಟ್ಟು ಕಟ್ಟಡದ ಪ್ರಮಾಣವನ್ನೂ ಮೀರುವಂತಿಲ್ಲ. ಮೇಲೊಂದು ಕೋಣೆ ಎಂಬ ಆಸೆಯನ್ನು ಅಲ್ಲಿಗೇ ಬಿಡಬೇಕು. ಇನ್ನು 'ಅಧಿಕೃತ' ಎಂಬ ಮಾತು. ಮೊದಲ ಸಿಆರ್‌ಝಡ್ ಅಧಿಸೂಚನೆ ಬಂದದ್ದು 1991ರ ಫೆಬ್ರುವರಿ 19ರಂದು. ಹಳೆಯ ಹಂಚಿನ ಮನೆ ಅದಕ್ಕಿಂತ ಹಿಂದಿನದು. ತಾರಸಿಯ ಕೋಣೆಗಳು 1998ರವು, ಅವಕ್ಕೆ ಪರವಾನಗಿ ಇತ್ತೇ? ಪಂಚಾಯಿತಿಯ 9/11ರಲ್ಲಿ (ನಮೂನೆ 9, 11ರ ಆಸ್ತಿ ದಾಖಲೆಯಲ್ಲಿ) ಕಟ್ಟಡದ ವಿಸ್ತೀರ್ಣ ಎಷ್ಟೆಂದು ನೋಡಿ, ಟೇಪು ಹಿಡಿದು ಅಳೆದದ್ದಕ್ಕೆ ಹೋಲಿಸಿ. ಆ ಕೋಣೆಗಳು ದಾಖಲೆಯಲ್ಲಿ ಇಲ್ಲವೆಂದಾದರೆ, ಅವು ನಿಂತಿರುವಷ್ಟು ದಿನ ಮಾತ್ರ ನಿಮ್ಮವು.

ಆ ಕೋಣೆಗಳು ಎಷ್ಟು ದಿನ ನಿಂತಾವು ಎಂದು ಹೇಳಬೇಕಾದವರು ಎಂಜಿನಿಯರ್. ಹಂಚಿನ ಮನೆಗಿಂತ ನಮಗೆ ಹೆದರಿಕೆ ಇರುವುದು ಈ ತಾರಸಿಯ ಬಗ್ಗೆಯೇ. ಕಡಲಬದಿಯ ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳಿನ ಮೇಲೆ 45 ಮಿ.ಮೀ. ಹೊದಿಕೆ ಇರಬೇಕು, ನೇರ ಕಡಲ ತುಂತುರು ಬಡಿಯುವ ಕಡೆ 50 ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456. ಮೇಸ್ತ್ರಿ ಲೆಕ್ಕದಲ್ಲಿ ಎರಕ ಹಾಕಿದ ಹಳೆಯ ತಾರಸಿಗಳಲ್ಲಿ 15–20 ಮಿ.ಮೀ. ಸಿಕ್ಕರೆ ದೊಡ್ಡದು. ಅದರ ಮೇಲೆ ಹೊಳೆಬಾಯಿಯ ಉಪ್ಪು ಮರಳು, ಉಪ್ಪು ಬಾವಿಯ ನೀರು ಸೇರಿದ್ದರೆ ಕ್ಲೋರೈಡ್ ಮೊದಲ ದಿನದಿಂದಲೇ ಒಳಗಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಉಬ್ಬಿ, ಕೆಳಗಿನ ಕಾಂಕ್ರೀಟನ್ನು ಚಕ್ಕೆಚಕ್ಕೆಯಾಗಿ ದೂಡುತ್ತದೆ.

ಮಾರುವ ಮೊದಲು ಗಾರೆ ಸವರಿ ಬಣ್ಣ ಹೊಡೆಸುವುದು ರೂಢಿ. ಹಾಗಾಗಿ ಬಣ್ಣ ತಲುಪದ ಕಡೆ ನೋಡಬೇಕು: ಸಜ್ಜದ ಅಡಿಭಾಗ, ಬಚ್ಚಲಿನ ಅಟ್ಟದ ಕೆಳಗೆ, ನೀರಿನ ಟ್ಯಾಂಕಿನ ಅಡಿ, ಫ್ಯಾನಿನ ಕೊಕ್ಕೆಯ ಬುಡ. ಸರಳಿನ ಸಾಲಿಗೇ ಉದ್ದಕ್ಕೆ ಓಡುವ ಬಿರುಕು, ಕಂದು ಕಲೆ ಕಂಡರೆ ಒಳಗೆ ಕೆಲಸ ಶುರುವಾಗಿದೆ ಎಂದರ್ಥ. ಎಂಜಿನಿಯರ್ ಸಣ್ಣ ಸುತ್ತಿಗೆಯಿಂದ ತಾರಸಿಯ ಅಡಿಯನ್ನು ಅಡಿಗೊಂದರಂತೆ ಬಡಿಯುತ್ತಾ ಹೋಗುತ್ತಾರೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಡಬ್ ಎಂದು ಟೊಳ್ಳು ಸದ್ದು. ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಕೊನೆಗೆ ಗೆರೆಯೊಳಗಿನ ಜಾಗವೇ ಹೆಚ್ಚಾದರೆ ದುರಸ್ತಿಯ ಮಾತು ಬಿಡಬೇಕು.

ಸುತ್ತಿಗೆಯ ತಪಾಸಣೆಯ ಜೊತೆಗೆ ಮೂರು ಪರೀಕ್ಷೆ ಕೇಳಿ. ಕವರ್ ಮೀಟರಿನಿಂದ ಹೊದಿಕೆಯ ಅಳತೆ. ಸರಳಿನ ವಿದ್ಯುತ್ ವಿಭವ ಅಳೆಯುವ ಹಾಫ್-ಸೆಲ್ ಪರೀಕ್ಷೆ: ತಾಮ್ರದ ಸಲ್ಫೇಟಿನ ಎಲೆಕ್ಟ್ರೋಡಿನಲ್ಲಿ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಹೋದರೆ ತುಕ್ಕು ಹಿಡಿಯುತ್ತಿರುವ ಸಾಧ್ಯತೆ ಶೇ 90ಕ್ಕಿಂತ ಹೆಚ್ಚು. ಮೂರನೆಯದು, ಬೇರೆ ಬೇರೆ ಆಳದಲ್ಲಿ ಕೊರೆದ ಪುಡಿಯ ಕ್ಲೋರೈಡ್ ಪರೀಕ್ಷೆ. ಘನ ಮೀಟರಿಗೆ 0.6 ಕೆ.ಜಿ. ಐಎಸ್ 456ರ ಮಿತಿ. ಫಿನಾಫ್ತಲೀನ್ ಸಿಂಪಡಿಸಿ, ಗುಲಾಬಿ ಬಣ್ಣ ಬಂತು, ಕಾಂಕ್ರೀಟು ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಒಪ್ಪಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಎಷ್ಟು ಆಳ ಹೋಗಿದೆ ಎಂಬುದನ್ನು ಮಾತ್ರ ಅದು ತೋರಿಸುತ್ತದೆ. ಉಪ್ಪು ಹೊಕ್ಕ ಕಾಂಕ್ರೀಟು ಗುಲಾಬಿಯಾಗಿದ್ದುಕೊಂಡೇ ಸರಳನ್ನು ತಿನ್ನುತ್ತದೆ.

ಹಂಚಿನ ಭಾಗದ ತೊಂದರೆಗಳನ್ನು ಬಹುಪಾಲು ತುಂಡುತುಂಡಾಗಿ ಸರಿಪಡಿಸಬಹುದು. ದೂರ ನಿಂತು ಮಾಡಿನ ನೆತ್ತಿಯ ಗೆರೆ ನೋಡಿ. ನಡುವೆ ಕುಸಿದಿದ್ದರೆ ಪಕಾಸು ಬಾಗಿದೆ. ಗೋಡೆಯ ತಲೆಯ ಮೇಲೆ ಪಕಾಸು ಕೂರುವ ಕಡೆ, ನಾಲ್ಕು ಮೂಲೆಯಲ್ಲೂ, ಎರಡು ಮಾಡು ಕೂಡುವ ತಗಡಿನ ಕೆಳಗೂ ನಾಲ್ಕೈದು ಹಂಚು ತೆಗೆಸಿ ಸ್ಕ್ರೂಡ್ರೈವರ್ ಚುಚ್ಚಿಸಿ. ಗಟ್ಟಿ ಮರದಲ್ಲಿ ತುದಿ ಮಾತ್ರ ಹೋಗುತ್ತದೆ, ಲಡ್ಡಾದ (ಕೊಳೆತು ಮೆತ್ತಗಾದ) ಮರದಲ್ಲಿ ಇಂಚುಗಟ್ಟಲೆ ಇಳಿಯುತ್ತದೆ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳು. ಮಣ್ಣಿನ ಗೆರೆ ಇದ್ದರೆ ಗೆದ್ದಲು. ರೀಪಿನ (ಹಂಚು ಕೂರುವ ಮರದ ಪಟ್ಟಿಯ) ಮೊಳೆಗಳನ್ನು ಉಪ್ಪುಗಾಳಿ ತಿಂದಿರುತ್ತದೆ, ಅವನ್ನು ಬದಲಿಸಲು ಹೇಗೂ ಹಂಚು ಇಳಿಸಲೇಬೇಕು ಎಂದು ಲೆಕ್ಕ ಇಟ್ಟುಕೊಳ್ಳಿ.

ಮುರಕಲ್ಲಿನ ಗೋಡೆಯ ಕೆಳಗಿನ ಎರಡು ಮೂರು ವರಸೆಯನ್ನು ಹೊರಗಿನಿಂದ ಬೀಗದ ಕೈಯಲ್ಲಿ ಗೀರಿ. ಮಾಡಿನ ನೀರು ಸಿಡಿದು ಸಿಡಿದು ಮೆತ್ತಗಾದ ಕಲ್ಲು ಪುಡಿಯಾಗಿ ಉದುರುತ್ತದೆ. ಸಂದಿಯಲ್ಲಿರುವುದು ಮಣ್ಣೋ, ಸುಣ್ಣವೋ, ಸಿಮೆಂಟೋ ನೋಡಿಸಿ. ಹಳೆಯ ಸುಣ್ಣದ ಗಾರೆ ತೆಗೆದು ಸಿಮೆಂಟ್ ಗಾರೆ, ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿದಿದ್ದರೆ ನೆಲದಿಂದ ಏರಿದ ತೇವ ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಹೋಗಿ ಉಪ್ಪಿನ ಹೂವಾಗಿ ಸಿಡಿಯುತ್ತದೆ. ಹೊಸ ಕೋಣೆ ಹಳೆ ಗೋಡೆಗೆ ತಾಗಿದ ಕಡೆ ನಿಲುವು ಬಿರುಕು ಇದ್ದೇ ಇರುತ್ತದೆ. ಎರಡರ ಪಾಯವೂ ಬೇರೆ, ಮರಳಿನಲ್ಲಿ ಒಂದೊಂದು ಒಂದೊಂದು ಥರ ಇಳಿಯುತ್ತದೆ. ಕೂದಲೆಳೆಯಷ್ಟಿದ್ದರೆ ಚಿಂತೆಯಿಲ್ಲ. 5 ಮಿ.ಮೀ. ದಾಟಿದ್ದರೆ, ಅಥವಾ ಮೇಲೆ ಹೋದಂತೆ ಅಗಲವಾಗಿದ್ದರೆ, ಪಾಯದ ಪಕ್ಕ ಗುಂಡಿ ತೋಡಿ ನೋಡಲು ಹೇಳಿ.

ಬಾವಿಯ ನೀರನ್ನು ಮಾರ್ಚ್‌ನಲ್ಲಿ ಕುಡಿದು ಸಿಹಿ ಎಂದು ನಿರ್ಧರಿಸಬೇಡಿ. ಕಡಲಬದಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತದೆ. ಸಮುದ್ರಮಟ್ಟದಿಂದ ಮೇಲೆ ಒಂದು ಮೀಟರ್ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಇರುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಮೇಲಿನದು ಸ್ವಲ್ಪ ಇಳಿದರೂ ಕೆಳಗಿನ ಉಪ್ಪು ಬಹಳ ಏರುತ್ತದೆ. ಮೇ ತಿಂಗಳಲ್ಲಿ ಒಂದು ಗಂಟೆ ಪಂಪು ಓಡಿಸಿ, ಶುರುವಿನಲ್ಲಿ ಮತ್ತು ಕೊನೆಯಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಂಶ) ಅಳೆಯಿರಿ. ಅಂಕಿ ಏರುತ್ತಾ ಹೋದರೆ ಪಂಪು ಉಪ್ಪನ್ನು ಎಳೆಯುತ್ತಿದೆ. ಕುಡಿಯುವ ನೀರಿಗೆ ಲೀಟರಿಗೆ 500 ಮಿ.ಗ್ರಾಂ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಮಾನಕ ಒಪ್ಪುತ್ತದೆ. ಪಾಯಿಖಾನೆಯ ಇಂಗುಗುಂಡಿ ಬಾವಿಯಿಂದ 18 ಮೀಟರ್ ದೂರ ಇರಬೇಕು, ನೆರೆಮನೆಯದ್ದನ್ನೂ ಸೇರಿಸಿ ಅಳೆಯಿರಿ.

ಈ ಕಾರಣಕ್ಕೇ ಮಾರ್ಚ್‌ನ ಗಡುವು ನಮಗೆ ಸರಿ ಕಾಣುವುದಿಲ್ಲ. ಗೋಡೆ ಒಣಗಿರುತ್ತದೆ, ಬಾವಿ ಇನ್ನೂ ತುಂಬಿರುತ್ತದೆ, ಕಡಲ ಕಿನಾರೆ ಅಗಲವಾಗಿ ಹರಡಿರುತ್ತದೆ. ಮಳೆಗಾಲದ ಅಲೆ ಕೊಚ್ಚಿದ ಮರಳನ್ನು ಕಡಲು ಚಳಿಗಾಲದ ಹೊತ್ತಿಗೆ ಮರಳಿ ತಂದು ಹಾಕಿರುತ್ತದೆ. ಜುಲೈನಲ್ಲಿ ಅದೇ ದಂಡೆ ಬೇರೆಯೇ ಕಾಣುತ್ತದೆ. ಉಪಗ್ರಹ ಚಿತ್ರಗಳಲ್ಲಿ ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿ, ಒಂದೇ ತಿಂಗಳ ಚಿತ್ರಗಳನ್ನು ಮಾತ್ರ ಹೋಲಿಸಿ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ತೀರದ ಬದಲಾವಣೆಯನ್ನು ನಕ್ಷೆ ಮಾಡಿದೆ, ಅದನ್ನೂ ನೋಡಿ. ಹತ್ತಿರದಲ್ಲಿ ಕಲ್ಲಿನ ತಡೆಗೋಡೆ ಹಾಕಿದ್ದರೆ ಅದು ಮುಗಿಯುವ ತುದಿ ನಿಮ್ಮ ಹಿತ್ತಲಿಗೆ ಎಷ್ಟು ದೂರ ಎಂದು ಗಮನಿಸಿ. ಕೊರೆತ ಆ ತುದಿಯಲ್ಲೇ ಜೋರಾಗುತ್ತದೆ.

ಮಾರುವವರು ಕಾಯಲಾರೆ ಎಂದರೆ ಸಣ್ಣ ಮೊತ್ತ ಕೊಟ್ಟು ಕರಾರು ಮಾಡಿಕೊಳ್ಳಿ. ಹದ್ದುಬಸ್ತಿನಲ್ಲಿ 24 ಸೆಂಟ್ಸ್‌ಗಿಂತ ಕಡಿಮೆ ಬಂದರೆ ಅದೇ ಪ್ರಮಾಣದಲ್ಲಿ ಬೆಲೆ ಇಳಿಯಬೇಕು. ತಾರಸಿಯ ಭಾಗಕ್ಕೆ ಪರವಾನಗಿ ಸಿಗದಿದ್ದರೆ, ಅಥವಾ ಎಂಜಿನಿಯರ್ ವರದಿ ಅದನ್ನು ವಾಸಕ್ಕೆ ಅಯೋಗ್ಯ ಎಂದರೆ, ಪೂರ್ತಿ ಹಣ ಇಷ್ಟು ದಿನದೊಳಗೆ ವಾಪಸು ಎಂದು ಬರೆಸಿ. ಬೆಲೆಯ ಮಾತು ಬಂದಾಗ ನಮ್ಮ ಸಲಹೆ ಇಷ್ಟು: ದಾಖಲೆಯಿಲ್ಲದ ಕೋಣೆಗೆ ಸೊನ್ನೆ ಬೆಲೆ ಕಟ್ಟಿ, ಕೆಡವುವ ಖರ್ಚನ್ನೂ ಕಳೆಯಿರಿ. ಹಂಚಿನ ಮನೆ ಮತ್ತು 24 ಸೆಂಟ್ಸ್ ಅಷ್ಟಕ್ಕೇ ಆ ಬೆಲೆ ನಿಮಗೆ ಒಪ್ಪಿಗೆಯಾದರೆ ಧೈರ್ಯವಾಗಿ ಮುಂದುವರಿಯಿರಿ.

ಗೆದ್ದಲಿನ ಔಷಧಕ್ಕೆ ಈಗ ಒಪ್ಪಬೇಡಿ. ಹೊಡೆಯುವವರು ಮೊದಲು ಮಣ್ಣಿನ ಗೆರೆಗಳನ್ನೆಲ್ಲ ಕೆರೆದು ತೆಗೆಯುತ್ತಾರೆ, ಎಂಜಿನಿಯರ್ ಬರುವಷ್ಟರಲ್ಲಿ ಗುರುತೇ ಇರುವುದಿಲ್ಲ. ಪರಿಶೀಲನೆ ಮುಗಿದ ಮೇಲೆ ಮಾಡಿಸಿ. ಗೋಡೆ ಮತ್ತು ನೆಲ ಕೂಡುವ ಕಡೆ 300 ಮಿ.ಮೀ.ಗೊಂದು 12 ಮಿ.ಮೀ. ತೂತು ಕೊರೆದು, ಒಂದು ಲೀಟರ್ ನೀರಿಗೆ 2.1 ಮಿ.ಲೀ. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಬೆರೆಸಿ, ತೂತಿಗೆ ಒಂದು ಲೀಟರಿನಂತೆ ತುಂಬುವುದು ಪದ್ಧತಿ. ಆದರೆ ನಿಮ್ಮದು ಮರಳು ನೆಲ, ಔಷಧ ಬೇಗ ಇಳಿದು ಬಾವಿ ಸೇರೀತು. ಬಾವಿಯ ಮಗ್ಗುಲಿನ ಗೋಡೆಗೆ ಈ ತೂತು ಕೊರೆಯುವ ಕೆಲಸವೇ ಬೇಡ. ಅಲ್ಲಿ ನೆಲಕ್ಕೆ ತಾಗಿದ ಬಾಗಿಲವಾಡದ ಬುಡ ಕತ್ತರಿಸಿ ಕಲ್ಲಿನ ಮೇಲೆ ಕೂರಿಸಿ, ಮರಕ್ಕೆ ಬೋರಾಕ್ಸ್–ಬೋರಿಕ್ ಆಸಿಡ್ ದ್ರಾವಣ ಬಳಿಸಿ.